ವೇಗ ಬೇಕೋ, ಬೆಳಕು ಬೇಕೋ?

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ಮುಂದೆ ಒಂದು ಬೆಳಗ್ಗೆ ನಿಂತು ನೋಡಿದವರಿಗೆ, ನಮ್ಮ ಸೀಮೆಯ ರೈತನಿಗೂ ಮೊಪೆಡ್ಡಿಗೂ ಇರುವ ನಂಟನ್ನು ಬಿಡಿಸಿ ಹೇಳಬೇಕಾಗಿಲ್ಲ. 1980ರಲ್ಲಿ ನೆರೆಯ ಹೊಸೂರಿನ ಕಾರ್ಖಾನೆಯಿಂದ ಟಿವಿಎಸ್ 50 ಹೊರಬಂದಿತು. ಅಲ್ಲಿಂದ ಮುಂದೆ ಮೇವು, ಹಾಲಿನ ಕ್ಯಾನು, ಗೂಡಿನ ಚೀಲಗಳೆಲ್ಲ ಇಂಥ ಪುಟ್ಟ ಗಾಡಿಗಳ ಬೆನ್ನೇರಿದುವು. 2015ರಲ್ಲಿ ನಾಲ್ಕು ಸ್ಟ್ರೋಕಿನ ಎಕ್ಸ್‌ಎಲ್ 100 ಬಂದರೂ, ಹಳೆಯ ಎರಡು ಸ್ಟ್ರೋಕಿನವು ಹಳ್ಳಿಗಳಲ್ಲಿ ಇನ್ನೂ ಓಡಾಡುತ್ತಿವೆ. ಅಂಥ ಗಾಡಿಯನ್ನು ಬಿಚ್ಚಿ ಮತ್ತೆ ಕಟ್ಟುವಾಗ ಬಡವನ ಹಣ ಮೊದಲು ಯಾವುದಕ್ಕೆ ಸಲ್ಲಬೇಕು?

ಈ ಪ್ರಶ್ನೆ ಹುಟ್ಟಿದ್ದು ನಮ್ಮ ಮನೆಯಲ್ಲಿಯೇ. ತಂದೆಯವರ ಹಳೆಯ ಮೊಪೆಡ್ಡು ಏರು ಸಿಕ್ಕಿದರೆ ಏದುಸಿರು ಬಿಡುತ್ತಿತ್ತು. ಕಳೆದ ಬೇಸಗೆಯಲ್ಲಿ ಇಂಜಿನ್ನು ಇಳಿಸಿದೆವು. ರಿಂಗುಗಳು ಸವೆದಿದ್ದುವು; ಸಿಲಿಂಡರಿನಲ್ಲಿ ಗೀರು ಬಿದ್ದಿತ್ತು; ಹೊಗೆ ಹೋಗುವ ದ್ವಾರಕ್ಕೆ ಮಸಿ ಕಟ್ಟಿತ್ತು. ಬೋರು ಮಾಡಿಸಿ, ಅದಕ್ಕೊಪ್ಪುವ ಪಿಸ್ಟನ್ನು ಹಾಕಿಸುವುದೆಂದಾಯಿತು. ಆಗ ಮಿತ್ರರು, “ಹೇಗೂ ಬಿಚ್ಚಿದ್ದೀಯೆ, ದೊಡ್ಡ ಕಾರ್ಬುರೇಟರು ಹಾಕಿಸು, ಸೈಲೆನ್ಸರಿನ ಒಳಗಿನದನ್ನು ತೆಗೆಸು, ಗಾಡಿ ಹಾರುತ್ತದೆ” ಎಂದರು. ತಂದೆಯವರು ಕೇಳಿದ್ದು ಒಂದೇ ಮಾತು: “ದೀಪ ಸರಿಹೋಗ್ತದೇನಪ್ಪ?”

ಮಿತ್ರರ ಸಲಹೆ ತಪ್ಪೆಂದೇ ನನ್ನ ಅಭಿಪ್ರಾಯ. ಎರಡು ಸ್ಟ್ರೋಕಿನ ಇಂಜಿನ್ನಿನಲ್ಲಿ ಹೊಸ ಪೆಟ್ರೋಲು ಒಳಬರುವ ದ್ವಾರವೂ ಹೊಗೆ ಹೊರಹೋಗುವ ದ್ವಾರವೂ ಒಂದು ಕ್ಷಣ ಒಟ್ಟಿಗೆ ತೆರೆದಿರುತ್ತವೆ. ಹೊರಟ ಪೆಟ್ರೋಲನ್ನು ಹಿಂದಕ್ಕೆ ತಳ್ಳುವುದಕ್ಕೆ ಸೈಲೆನ್ಸರಿನ ಒಳರಚನೆ ನೆರವಾಗುತ್ತದೆ. ಅದನ್ನು ಕಿತ್ತರೆ ಸದ್ದು ಹೆಚ್ಚುತ್ತದೆ, ಹೊರೆ ಎಳೆಯುವ ಕಸುವು ಕುಗ್ಗುತ್ತದೆ. ವೇಗ ಹೆಚ್ಚಿತೆಂದೇ ಇಟ್ಟುಕೊಳ್ಳೋಣ. ಬ್ರೇಕು ಹಳೆಯದೇ ಅಲ್ಲವೇ? ನೋಂದಣಿಯಲ್ಲಿರುವ ಗಾಡಿಯ ವಿವರ ಬದಲಾಗುವಂತೆ ಮನಬಂದಂತೆ ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯೂ ಒಪ್ಪುವುದಿಲ್ಲ. ಇಂಜಿನ್ನು ತನ್ನ ಮೊದಲಿನ ಅಳತೆಗೆ ಮರಳಿದರೆ ಅಷ್ಟೇ ಸಾಕು.

ದೀಪದ ಸಂಗತಿ ಬೇರೆ. ಬ್ಯಾಟರಿಯಿಲ್ಲದ ಹಳೆಯ ಮೊಪೆಡ್ಡಿನಲ್ಲಿ ಮ್ಯಾಗ್ನೆಟೊ ಕಾಯಿಲಿನಿಂದಲೇ ದೀಪ ಉರಿಯುತ್ತದೆ. ಇಂಜಿನ್ನು ಜೋರಾಗಿ ತಿರುಗಿದರೆ ಬೆಳಕು ಹೆಚ್ಚು, ನಿಧಾನವಾದರೆ ಕಡಿಮೆ. ಗುಂಡಿ ಬಂತೆಂದು ವೇಗ ತಗ್ಗಿಸಿದಾಗಲೇ ದೀಪವೂ ಮಂಕಾಗುತ್ತದೆ! ದಾರಿ ಕಾಣಬೇಕೆಂದು ಮುದುಕರೂ ಆಕ್ಸಿಲರೇಟರು ತಿರುಗಿಸಬೇಕು. ಕನಕಪುರ, ಚನ್ನಪಟ್ಟಣ ತಾಲ್ಲೂಕುಗಳ ಕಾಡಂಚಿನ ಊರುಗಳಲ್ಲಿ ಕಾಡಾನೆ ರಸ್ತೆಗೆ ಬರುವುದುಂಟು. ನಸುಕಿನಲ್ಲಿ ಗೂಡಿನ ಚೀಲ ಹೇರಿಕೊಂಡು ಹೊರಟವರಿಗೆ ಹತ್ತು ಮಾರು ಮುಂದಿನದು ಕಾಣುವುದೂ ಕಾಣದಿರುವುದೂ ಪ್ರಾಣದ ಮಾತು.

ಇದಕ್ಕೆ ಉಪಾಯವುಂಟು. ಕಾಯಿಲನ್ನು 12 ವೋಲ್ಟಿಗೆ ಸುತ್ತಿಸಿ, ಗಾಡಿಯ ಮೈಗೆ ಸೇರಿದ ಅದರ ತುದಿಯನ್ನು ಬಿಡಿಸಿ, ರೆಕ್ಟಿಫೈಯರು, ರೆಗ್ಯುಲೇಟರು ಮತ್ತು ಚಿಕ್ಕ ಬ್ಯಾಟರಿಯನ್ನು ಜೋಡಿಸಿದರೆ, ಗಾಡಿ ನಿಧಾನವಾದಾಗಲೂ ದೀಪ ಒಂದೇ ಸಮನೆ ಉರಿಯುತ್ತದೆ. ಅಷ್ಟೇ ವ್ಯಾಟಿನ ದೀಪಕ್ಕೆ 6 ವೋಲ್ಟಿನಲ್ಲಿ ಬೇಕಾದುದರ ಅರ್ಧ ಕರೆಂಟು 12 ವೋಲ್ಟಿನಲ್ಲಿ ಸಾಕು. ತಂತಿಯಲ್ಲಿ ಆಗುವ ನಷ್ಟವೂ ಕಡಿಮೆ. ಬ್ಯಾಟರಿಗೂ ಆಯುಸ್ಸುಂಟು, ಅದು ಮತ್ತೆ ಖರ್ಚು ಎಂಬ ಆಕ್ಷೇಪಣೆ ನಿಜವೇ. ಮ್ಯಾಗ್ನೆಟೊ ಕೊಡುವಷ್ಟನ್ನೇ ಬಳಸಬೇಕು. ಬಣ್ಣದ ದೀಪ, ಜೋರಿನ ಹಾರನ್ನುಗಳನ್ನು ಅದಕ್ಕೆ ಹೊರಿಸಬಾರದು. ಆದರೂ ದೊಡ್ಡ ಕಾರ್ಬುರೇಟರಿಗೆ ಹಾಕುವ ಹಣಕ್ಕಿಂತ ಇದು ಸಾರ್ಥಕವಾದ ಖರ್ಚು.

ಪದವಿಯ ಹೊಸ್ತಿಲಲ್ಲಿರುವ ನಾವು ಮನೆಯ ಗಾಡಿಯನ್ನು ನಮ್ಮ ಗೆಳೆಯರ ಕಣ್ಣಿನಿಂದ ನೋಡುವುದನ್ನು ಕಲಿತಿದ್ದೇವೆ. ಅದನ್ನು ನಿತ್ಯ ಓಡಿಸುವವರನ್ನು ಕೇಳುವುದನ್ನು ಮರೆತಿದ್ದೇವೆ. ಸಹಪಾಠಿ ಮಿತ್ರರಲ್ಲಿ ನನ್ನ ಬಿನ್ನಹವಿಷ್ಟೆ: ಈ ರಜದಲ್ಲಿ ಊರಿಗೆ ಹೋದಾಗ, ಕತ್ತಲಾದ ಮೇಲೆ ಹಿರಿಯರ ಮೊಪೆಡ್ಡಿನಲ್ಲಿ ಒಮ್ಮೆ ನಿಧಾನವಾಗಿ ಹೋಗಿ ನೋಡಿರಿ. ಮುಂದೆ ಎಷ್ಟು ಮಾರು ದಾರಿ ಕಾಣುತ್ತದೆಂದು ಎಣಿಸಿರಿ. ಆ ಬಳಿಕ ಮೆಕ್ಯಾನಿಕ್ಕಿನ ಬಳಿಗೆ ಹೋಗಿರಿ.