ಜೂನ್‌ನ ಶುಲ್ಕ, ಡಿಸೆಂಬರ್‌ನ ಸತ್ಕಾರ

ಕಾಲೇಜುಗಳು ಶುಲ್ಕ ಕೇಳುವುದು ಜೂನ್, ಜುಲೈ ತಿಂಗಳಲ್ಲಿ. ಸಮಾಜದ ಹಲವು ದತ್ತಿನಿಧಿಗಳು ಪ್ರತಿಭಾ ಪುರಸ್ಕಾರದ ಆಮಂತ್ರಣ ಅಚ್ಚು ಹಾಕಿಸುವುದು ದೀಪಾವಳಿ ಕಳೆದ ಮೇಲೆ. ಈ ನಡುವಿನ ಅವಧಿಯಲ್ಲಿ ಬಡ ಕುಟುಂಬವೊಂದು ತಾಯಿಯ ಬಳೆಯನ್ನು ಒತ್ತೆಯಿಡುತ್ತದೆ, ಇಲ್ಲವೇ ಮಗಳ ಓದನ್ನು ನಿಲ್ಲಿಸುತ್ತದೆ. ಆಮೇಲೆ ಬರುವ ಶಾಲು, ಹಾರ ಮತ್ತು ಸಣ್ಣ ಮೊತ್ತದ ಚೆಕ್ಕಿನಿಂದ ಅವಳಿಗಾದ ಪ್ರಯೋಜನವೇನು?

ಆಹಾರ, ಅಭಯ, ಔಷಧ, ಶಾಸ್ತ್ರವೆಂಬ ಚತುರ್ವಿಧ ದಾನವನ್ನು ಬಾಯಿಪಾಠ ಮಾಡಿದ ಸಮಾಜಕ್ಕೆ ಕೊಡುವುದನ್ನು ಯಾರೂ ಕಲಿಸಬೇಕಾಗಿಲ್ಲ. ಯಾವಾಗ, ಯಾರಿಗೆ, ಎಷ್ಟು ಎಂಬ ವಿವೇಕದಲ್ಲಿ ಮಾತ್ರ ನಾವು ಹಿಂದುಳಿದಿದ್ದೇವೆ. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಕೃತಿ ಉಳಿಯಬೇಕಾದರೆ ಒಂದೆರಡು ಪ್ರತಿ ಸಾಲದೆಂದು ಅವಳು ಕಂಡಿದ್ದಳು. ಕೊರತೆಯನ್ನು ಮೊದಲು ಅಳೆದು, ಕೈಯನ್ನು ಆಮೇಲೆ ಚಾಚಿದಳು. ಮುಂಬಯಿಯ ಸೇಠ್ ಮಾಣಿಕಚಂದ ಹೀರಾಚಂದರು ಊರುಬಿಟ್ಟು ಓದಲು ಬರುವ ಹುಡುಗರಿಗೆ ಇಲ್ಲದಿದ್ದುದು ಸೂರು ಮತ್ತು ಊಟವೆಂದು ಅರಿತು ಬೋರ್ಡಿಂಗುಗಳಿಗೆ ಹಣ ತೊಡಗಿಸಿದರು. 1899ರಲ್ಲಿ ಹುಟ್ಟಿದ ದಕ್ಷಿಣ ಮಹಾರಾಷ್ಟ್ರ ಜೈನ ಸಭೆಯೂ ಅದೇ ದಾರಿ ಹಿಡಿಯಿತು. ಕೃಷ್ಣಾ ತೀರದ ಎಷ್ಟೋ ಒಕ್ಕಲು ಮನೆಗಳ ಮೊದಲ ಪದವೀಧರರು ಇಂಥ ಬೋರ್ಡಿಂಗಿನ ಅನ್ನ ಉಂಡವರು.

ಇಂದಿನ ದತ್ತಿನಿಧಿ ನೂರು ಜನಕ್ಕೆ ಸಮನಾಗಿ ಹಂಚಿ ಎಲ್ಲರನ್ನೂ ಮೆಚ್ಚಿಸುತ್ತದೆ. ಹತ್ತು ಜನರನ್ನು ಆರಿಸಿ ಪದವಿ ಮುಗಿಯುವವರೆಗೆ ಪೂರ್ಣ ಶುಲ್ಕ ಭರಿಸುವುದು ಕಷ್ಟದ ಕೆಲಸ, ಏಕೆಂದರೆ ಉಳಿದ ತೊಂಬತ್ತು ಜನಕ್ಕೆ ಇಲ್ಲವೆನ್ನಬೇಕು. ಅವರಲ್ಲಿ ವಿಶ್ವಸ್ತರ ಬೀಗರೂ ಇರುತ್ತಾರೆ. ಆ ನಿಷ್ಠುರವನ್ನು ಹೊರುವುದಕ್ಕೇ ವಿಶ್ವಸ್ತ ಮಂಡಳಿ ಇರುವುದು. ಹಣ ನೇರವಾಗಿ ಕಾಲೇಜಿಗೆ ಜೂನ್‌ನಲ್ಲೇ ಸಲ್ಲಲಿ. ಹಿಂದೆ ನೆರವು ಪಡೆದು ಓದಿದ ಇಬ್ಬರಾದರೂ ಆಯ್ಕೆ ಸಮಿತಿಯಲ್ಲಿ ಕೂರಲಿ. ಅರ್ಜಿಯ ಹಿಂದಿನ ಸಂಕೋಚ ಅವರಿಗೆ ಗೊತ್ತು. ವೇದಿಕೆಯ ಮೇಲೆ ಬಡತನದ ಮೆರವಣಿಗೆ ಬೇಡ. (ಪಂಚಕಲ್ಯಾಣದ ಸವಾಲಿನಲ್ಲಿ ಕಲಶವೊಂದಕ್ಕೆ ಕೂಗುವ ಮೊತ್ತ ಎಷ್ಟು ವಿದ್ಯಾರ್ಥಿಗಳ ಶುಲ್ಕವೆಂದು ಲೆಕ್ಕ ಹಾಕುವ ಧೈರ್ಯ ಯಾವ ಸಭೆಗೂ ಬಂದಂತಿಲ್ಲ.)

ಇನ್ನು ಗಡಿಯ ಪ್ರಶ್ನೆ. ನಮ್ಮ ಹಣ ನಮ್ಮವರಿಗೇ ಎನ್ನುವವರು ಕಾನೂನನ್ನೂ ನೋಡಬೇಕು: 1962ರ ಏಪ್ರಿಲ್‌ನಿಂದೀಚೆಗೆ ಒಂದೇ ಮತ ಅಥವಾ ಜಾತಿಯ ಹಿತಕ್ಕಾಗಿ ಸ್ಥಾಪಿತವಾದ ಧರ್ಮಾರ್ಥ ಸಂಸ್ಥೆಗೆ 1961ರ ಆದಾಯ ತೆರಿಗೆ ಕಾಯ್ದೆ ವಿನಾಯಿತಿ ಕೊಟ್ಟಿಲ್ಲ. ಕಾನೂನಿನ ಮಾತು ಬಿಟ್ಟರೂ ಜೈನ ಮನೆತನದ ಕರ್ಮವೀರ ಭಾವುರಾವ್ ಪಾಟೀಲರ ಉದಾಹರಣೆಯಿದೆ. ಅವರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆ ಕಟ್ಟಿ, ಸಾತಾರೆಯಲ್ಲಿ ಎಲ್ಲ ಜಾತಿಯ ಹುಡುಗರನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿದರು. ಚತುರ್ಥ, ಪಂಚಮವೆಂದು ಈಗಲೂ ಅರ್ಜಿಯಲ್ಲಿ ಉಪಪಂಗಡದ ಕಲಂ ಇಟ್ಟಿರುವ ನಿಧಿಗಳು ಮುಂದಿನ ಜೂನ್‌ಗೆ ಅರ್ಜಿ ಅಚ್ಚು ಹಾಕಿಸುವ ಮೊದಲು ಆ ಸಾಲನ್ನು ತೆಗೆದುಹಾಕಲು ಒಂದು ಸಭೆ ಸಾಕು.