ಗ್ಯಾಸು ನಿಲ್ಲಿಸುವ ಅಧಿಕಾರ ಯಾರಿಗೆ?

ಮುಂಬಯಿ, ಪುಣೆ, ದಿಲ್ಲಿ, ಹೈದರಾಬಾದು ಮೊದಲಾದ ನಗರಗಳಲ್ಲಿ ಸಿಲಿಂಡರಿನ ಸ್ಥಾನವನ್ನು ಕೊಳವೆಯ ಗ್ಯಾಸು ಮೆಲ್ಲಮೆಲ್ಲನೆ ಆಕ್ರಮಿಸುತ್ತಿದೆ. ಇದರ ಸರಬರಾಜಿಗಾಗಿ ಮುಂಬಯಿಯಲ್ಲಿ 1995ರಲ್ಲಿಯೂ ದಿಲ್ಲಿಯಲ್ಲಿ 1998ರಲ್ಲಿಯೂ ಕಂಪೆನಿಗಳು ಸ್ಥಾಪಿತವಾದುವು. ಮನೆಯ ಒಲೆ, ಸ್ನಾನದ ಗೀಸರು, ಹೊಟೇಲಿನ ಭಟ್ಟಿ ಎಲ್ಲವೂ ಇದರಿಂದಲೇ ಉರಿಯಬಲ್ಲವು. ಇದರ ಅನುಕೂಲತೆಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ಸಿಲಿಂಡರಿನ ಗ್ಯಾಸು ಒಮ್ಮೆ ತೀರುತ್ತದೆ, ಕೊಳವೆಯ ಗ್ಯಾಸು ತೀರುವುದಿಲ್ಲ. ಆದುದರಿಂದ ಅಪಾಯಕಾಲದಲ್ಲಿ ಅದನ್ನು ಯಾರು, ಎಲ್ಲಿ ನಿಂತು ನಿಲ್ಲಿಸಬೇಕೆಂಬ ಪ್ರಶ್ನೆಯು ಉದ್ಭವಿಸುತ್ತದೆ. ಈ ವಿಷಯದಲ್ಲಿ ಬಹುಕಾಲದಿಂದ ಕೊಳವೆಯ ಗ್ಯಾಸನ್ನು ಬಳಸುತ್ತಿರುವ ಅಮೇರಿಕೆಯ ಅನುಭವವು ವಿಚಾರಾರ್ಹವಾಗಿದೆ.

ಆ ದೇಶದ ಈಶಾನ್ಯ ಭಾಗದಲ್ಲಿ ಚಳಿಗಾಲವು ಬಲು ಕಠೋರವಾದುದು. ಅಲ್ಲಿಯ ಅನೇಕ ಮನೆಗಳ ನೆಲಮಾಳಿಗೆಯಲ್ಲಿ ಮನೆಯನ್ನೆಲ್ಲ ಬೆಚ್ಚಗಿಡುವ ದೊಡ್ಡ ಉರಿಯಂತ್ರವಿರುತ್ತದೆ. ಅದನ್ನು ನಿಲ್ಲಿಸುವ ಕೆಂಪು ಬಣ್ಣದ ಸ್ವಿಚ್ಚನ್ನು ಮಾತ್ರ ಯಂತ್ರದ ಬಳಿಯಲ್ಲಿಡದೆ, ನೆಲಮಾಳಿಗೆಗೆ ಇಳಿಯುವ ಮೆಟ್ಟಿಲುಗಳ ಮೇಲ್ತುದಿಯಲ್ಲಿಡುವ ರೂಢಿಯಿದೆ. ಯಂತ್ರದೊಳಗಿನ ಗ್ಯಾಸಿನ ವಾಲ್ವು ವಿದ್ಯುತ್ತಿನ ಬಲದಿಂದ ತೆರೆದಿರುತ್ತದೆ. ವಿದ್ಯುತ್ತು ನಿಂತೊಡನೆ ತನ್ನ ಸ್ಪ್ರಿಂಗಿನಿಂದ ತಾನೇ ಮುಚ್ಚಿಕೊಳ್ಳುತ್ತದೆ. ಯಂತ್ರ ಕೆಟ್ಟು ಹೊಗೆಯೆದ್ದರೆ ಮನೆಯವರು ಆ ಹೊಗೆಯೊಳಗೆ ಇಳಿಯಬೇಕಾಗಿಲ್ಲ. ನಿಲ್ಲಿಸುವ ಸಾಧನವು ಅಪಾಯದ ಸ್ಥಳದಿಂದ ಹೊರಗಿರಬೇಕೆಂಬುದೇ ಇದರ ತತ್ತ್ವ.

ಆದರೆ ಈ ಸ್ವಿಚ್ಚಿನ ಶಕ್ತಿಗೆ ಮಿತಿಯುಂಟು. ಅದು ಯಂತ್ರವನ್ನು ನಿಲ್ಲಿಸೀತೇ ಹೊರತು ಕೊಳವೆಯಲ್ಲಿ ಬರುತ್ತಿರುವ ಗ್ಯಾಸನ್ನಲ್ಲ. 2018ರ ಸೆಪ್ಟೆಂಬರ 13ರಂದು ಮ್ಯಾಸಚೂಸೆಟ್ಸ್ ರಾಜ್ಯದ ಲಾರೆನ್ಸ್, ಆಂಡೋವರ್ ಮತ್ತು ನಾರ್ತ್ ಆಂಡೋವರ್ ಊರುಗಳಲ್ಲಿ ನಡೆದ ಅನಾಹುತವು ಇದಕ್ಕೆ ಸಾಕ್ಷಿ. ಬೀದಿಯ ಹಳೆಯ ಬೀಡು ಕಬ್ಬಿಣದ ಕೊಳವೆಯನ್ನು ಬಿಟ್ಟು ಹೊಸ ಪ್ಲಾಸ್ಟಿಕ್ಕಿನ ಕೊಳವೆಯನ್ನು ಜೋಡಿಸುವ ಕೆಲಸ ನಡೆದಿತ್ತು. ಒತ್ತಡವನ್ನು ಅಳೆಯುವ ಸಣ್ಣ ಕೊಳವೆಯಾದರೋ ಹಳೆಯದಕ್ಕೇ ಅಂಟಿಕೊಂಡಿತ್ತು. ಹಳೆಯದರಲ್ಲಿ ಒತ್ತಡವು ಇಳಿದುದನ್ನು ಕಂಡ ನಿಯಂತ್ರಕ ಯಂತ್ರವು ಗ್ಯಾಸು ಸಾಲದೆಂದು ಬಗೆದು, ಹೊಸ ಕೊಳವೆಗೆ ಮಿತಿಮೀರಿ ಗ್ಯಾಸನ್ನು ಬಿಟ್ಟಿತು. ಮನೆಗಳಲ್ಲಿ ಬೆಂಕಿಯೂ ಸ್ಫೋಟವೂ ಆದುವು. 18 ವಯಸ್ಸಿನ ಯುವಕನೊಬ್ಬನು ಮೃತನಾದನು; 131 ಕಟ್ಟಡಗಳು ಹಾನಿಗೊಳಗಾದುವು.

ಇದರಲ್ಲಿ ಗಮನಿಸತಕ್ಕ ಸಂಗತಿ ಒಂದಿದೆ. ಒತ್ತಡವು ಏರಿದ ಸೂಚನೆಯು ನೂರಾರು ಮೈಲು ದೂರದ ಓಹಾಯೋ ರಾಜ್ಯದಲ್ಲಿರುವ ಕಂಪೆನಿಯ ಕೇಂದ್ರಕ್ಕೆ ಬೇಗನೆ ತಲುಪಿತ್ತು. ಆದರೆ ಅಲ್ಲಿ ಕುಳಿತವರಿಗೆ ವಾಲ್ವನ್ನು ಮುಚ್ಚುವ ಸಾಧನವೇ ಇರಲಿಲ್ಲ. ಅವರು ಟೆಲಿಫೋನು ಮಾಡಿ ತಿಳಿಸಬಲ್ಲವರಾಗಿದ್ದರು, ಅಷ್ಟೆ. ಬಲ್ಲವನಿಗೆ ಕೈಯಿಲ್ಲ, ಕೈಯಿದ್ದವನಿಗೆ ತಿಳಿವಿಲ್ಲ! ಈ ನಡುವೆ ಅಮೂಲ್ಯವಾದ ನಿಮಿಷಗಳು ಕಳೆದುಹೋದುವು. 2020ರಲ್ಲಿ ಆ ಕಂಪೆನಿಯು ತಪ್ಪೊಪ್ಪಿಕೊಂಡು 5.3 ಕೋಟಿ ಡಾಲರು ದಂಡ ತೆರಬೇಕಾಯಿತು.

ಜಪಾನು ಇನ್ನೊಂದು ಮಾರ್ಗವನ್ನು ಹಿಡಿದಿದೆ. ಅಲ್ಲಿ ಮನೆಮನೆಯ ಮೀಟರಿನೊಳಗೇ ನಿಲುಗಡೆಯ ಯಂತ್ರವಿದೆ. ದೊಡ್ಡ ಭೂಕಂಪವಾದರೆ ಅಥವಾ ಗ್ಯಾಸು ಅಸಹಜವಾಗಿ ಹರಿದರೆ ಯಾರ ಅಪ್ಪಣೆಗೂ ಕಾಯದೆ ಅದು ಮುಚ್ಚಿಕೊಳ್ಳುತ್ತದೆ.

ಈಗ ನಮ್ಮ ವಿಷಯಕ್ಕೆ ಬರೋಣ. ಹೊಟೇಲಿನ ಮುಖ್ಯ ವಾಲ್ವು ಭಟ್ಟಿಯ ಹಿಂದುಗಡೆ ಇದ್ದರೆ, ಉರಿಯನ್ನು ದಾಟಿಯೇ ಅದನ್ನು ಮುಟ್ಟಬೇಕಾಗುವುದು. ಅದರ ಮುಂದೆ ಅಕ್ಕಿಯ ಮೂಟೆಯನ್ನೋ ಎಣ್ಣೆಯ ಡಬ್ಬವನ್ನೋ ಒಟ್ಟಿದರೆ ಇದ್ದೂ ಇಲ್ಲದಂತೆಯೇ ಸರಿ. ಅಡಿಗೆಮನೆಯ ಬಾಗಿಲಿನ ಹೊರಗೊಂದು ವಾಲ್ವು ಇರಲೇಬೇಕು. ಅದರ ಹಿಡಿಯು ಕೊಳವೆಗೆ ಸಮಾಂತರವಾಗಿದ್ದರೆ ತೆರೆದಿದೆ, ಅಡ್ಡವಾಗಿದ್ದರೆ ಮುಚ್ಚಿದೆ ಎಂಬುದನ್ನು ಅಕ್ಷರ ಬಾರದವನೂ ಒಂದು ನಿಮಿಷದಲ್ಲಿ ಕಲಿಯಬಲ್ಲನು.

ಗ್ಯಾಸಿನ ವಾಸನೆ ಬಂದಾಗ ವಿದ್ಯುತ್ತಿನ ಯಾವ ಸ್ವಿಚ್ಚನ್ನೂ ಒತ್ತಬಾರದು. ದೀಪ ಹಾಕುವುದೂ ಆರಿಸುವುದೂ ಎರಡೂ ಕಿಡಿಗೆ ಕಾರಣವಾಗಬಲ್ಲವು. ಅಮೇರಿಕೆಯ ಕೆಂಪು ಸ್ವಿಚ್ಚಿಗೂ ಈ ನಿಯಮವೇ ಅನ್ವಯಿಸುತ್ತದೆ. ಉರಿಯನ್ನು ಆರಿಸಿ, ಕೈಗೆಟಕುವಂತಿದ್ದರೆ ವಾಲ್ವನ್ನು ಮುಚ್ಚಿ, ಕಿಟಕಿ ಬಾಗಿಲುಗಳನ್ನು ತೆರೆದು ಎಲ್ಲರೂ ಹೊರಗೆ ಬಂದ ಮೇಲೆಯೇ ಫೋನು ಮಾಡತಕ್ಕದ್ದು. ಸಿಲಿಂಡರಿನ ಸೋರಿಕೆಗೆ 1906 ಎಂಬ ಸಂಖ್ಯೆಯುಂಟು. ಕೊಳವೆಯ ಗ್ಯಾಸಿಗೆ ಆಯಾ ಕಂಪೆನಿಯ ತುರ್ತು ಸಂಖ್ಯೆಯನ್ನು ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆಯಿಸಿಡಬೇಕು. ಗೀಸರಿನ ಅಪಾಯವು ಬೇರೆ ಬಗೆಯದು. ಗಾಳಿಯಾಡದ ಬಚ್ಚಲಿನಲ್ಲಿ ಅದು ಉರಿದರೆ ವಾಸನೆಯೇ ಇಲ್ಲದ ವಿಷಾನಿಲವು ತುಂಬಿ, ಸ್ನಾನ ಮಾಡುವವನು ವಾಲ್ವಿನತ್ತ ಕೈ ಚಾಚುವ ಮೊದಲೇ ಮೂರ್ಛೆಗೊಳ್ಳುವನು. ಅಲ್ಲಿ ಗಾಳಿಯ ದಾರಿಯೇ ರಕ್ಷಣೆ.

ಇಷ್ಟೆಲ್ಲ ಇದ್ದರೂ ಒಂದು ಮಾತು ಉಳಿಯುತ್ತದೆ. ರಾತ್ರಿ ಹೊಟೇಲಿನಲ್ಲಿಯೇ ಮಲಗುವವರು ಮಾಣಿಗಳು, ಕ್ಲೀನರುಗಳು. ಧಣಿಗಳಲ್ಲ, ಮ್ಯಾನೇಜರರೂ ಅಲ್ಲ. ವಾಸನೆಯು ಮೊದಲು ಬಡಿಯುವುದು ಅವರ ಮೂಗಿಗೆ. ಊರಿನಿಂದ ಮೊನ್ನೆ ಬಂದ ಹುಡುಗನು “ಮುಚ್ಚಿದರೆ ಬೈದಾರು, ವ್ಯಾಪಾರ ಕೆಟ್ಟೀತು” ಎಂದು ಹಿಂಜರಿದರೆ, ಓಹಾಯೋದ ಕೇಂದ್ರದಲ್ಲಿ ಕುಳಿತವರಂತೆ ಅವನೂ ಅಪಾಯವನ್ನು ಅರಿತೂ ಕೈಸಾಗದವನಾಗುವನು. ವಾಲ್ವು ಎಲ್ಲಿದೆಯೆಂದು ಕೆಲಸಕ್ಕೆ ಸೇರಿದ ಮೊದಲ ದಿನವೇ ತೋರಿಸುವುದು, ಸಂದೇಹ ಬಂದರೆ ಯಾರನ್ನೂ ಕೇಳದೆ ಮುಚ್ಚೆಂದು ಹೇಳುವುದು, ವೃಥಾ ಮುಚ್ಚಿದರೂ ಗದರಿಸದಿರುವುದು — ಇವು ಧಣಿಗಳ ಕರ್ತವ್ಯ. ಅವರು ತೋರಿಸದಿದ್ದರೆ ಕೇಳಿ ತಿಳಿಯುವುದು ಕೆಲಸಗಾರರ ಹಕ್ಕು. ಒಂದು ಹೊತ್ತಿನ ವ್ಯಾಪಾರವನ್ನು ಮರುದಿನ ಗಳಿಸಬಹುದು. ಊರಿನಲ್ಲಿ ತಾಯಿ ಕಾದಿರುವ ಮಗನನ್ನು ಯಾರೂ ಮರಳಿ ಗಳಿಸಿಕೊಡಲಾರರು.