ಕೊಳಾಯಿಯ ಗಾತ್ರವೂ ಗ್ರಾಮದ ನೀರಿನ ಲೆಕ್ಕವೂ

ಗ್ರಾಮಗಳ ಮನೆಮನೆಗೂ ಕೊಳಾಯಿಯ ನೀರು ಬರುತ್ತಿರುವುದು ಸಂತೋಷಕರವಾದ ವಿಷಯವೇ ಸರಿ. ಆದರೆ ತೊಟ್ಟಿಯ ಸಮೀಪದ ಮನೆಗಳಲ್ಲಿ ನೀರು ಚರಂಡಿಗೆ ಹರಿಯುತ್ತಿರುವಾಗಲೇ ಊರ ಕೊನೆಯ ಕೇರಿಯವರು ಬರಿಗೊಡಗಳನ್ನಿಟ್ಟುಕೊಂಡು ಕಾದಿರುವುದು ಅನೇಕ ಕಡೆಗಳಲ್ಲಿ ಕಂಡುಬರುತ್ತದೆ. ಬಾವಿಯಲ್ಲಿ ನೀರು ಸಾಲದೆಂದು ದೂಷಿಸುವುದಕ್ಕೆ ಮೊದಲು ಕೊಳಾಯಿಯ ಲೆಕ್ಕವನ್ನು ಪರೀಕ್ಷಿಸತಕ್ಕದ್ದು.

2019ರಲ್ಲಿ ಆರಂಭವಾದ ಜಲಜೀವನ ಯೋಜನೆಯು ಒಬ್ಬರಿಗೆ ದಿನಕ್ಕೆ 55 ಲೀಟರುಗಳೆಂದು ಗೊತ್ತುಮಾಡಿತು. ಈ ಪ್ರಕಾರ 1,000 ಜನರ ಗ್ರಾಮಕ್ಕೆ ಬೇಕಾದುದು 55,000 ಲೀಟರು. ಇದು ಹಗಲಿರುಳೂ ಸಮನಾಗಿ ಹರಿದರೆ ನಿಮಿಷಕ್ಕೆ ಸುಮಾರು 38 ಲೀಟರು ಸಾಕು. ದಿನಕ್ಕೆ 2 ಗಂಟೆಗಳು ಮಾತ್ರ ಬಿಟ್ಟರೆ ನಿಮಿಷಕ್ಕೆ ಸುಮಾರು 458 ಲೀಟರು, ಎಂದರೆ ಹನ್ನೆರಡರಷ್ಟು ಹರಿಯಬೇಕು. ಆದಕಾರಣ ಕೊಳಾಯಿಯ ಗಾತ್ರವನ್ನು ನಿಶ್ಚಯಿಸುವುದು ದಿನದ ಮೊತ್ತವಲ್ಲ, ನೀರು ಬಿಡುವ ವೇಳೆಯ ಹರಿವು.

ದನಕರುಗಳನ್ನೂ ಮರೆಯಬಾರದು. ಐದು ಜನರ ಮನೆಗೆ 275 ಲೀಟರಾದರೆ, ಅಲ್ಲಿ ಕರೆಯುವ ಹಸುಗಳೆರಡಿದ್ದು ಬೇಸಗೆಯಲ್ಲಿ ಒಂದೊಂದಕ್ಕೆ 60 ಲೀಟರಿನಂತೆ ಹಿಡಿದರೂ ಇನ್ನು 120 ಲೀಟರು ಸೇರುವುದು. ಜನರನ್ನು ಮಾತ್ರ ಎಣಿಸಿ ಮಾಡಿದ ಅಂದಾಜು ಹೀಗೆ ಮೊದಲನೆಯ ಬೇಸಗೆಯಲ್ಲಿಯೇ ಕೆಡುತ್ತದೆ.

ಮನೆಯ ನಲ್ಲಿಗಳೆಲ್ಲವೂ ಒಂದೇ ಕ್ಷಣದಲ್ಲಿ ತೆರೆದಿರುವ ಸಂಭವವು ಬಹು ಕಡಿಮೆಯೆಂಬ ತತ್ವದ ಮೇಲೆ ಅಮೆರಿಕಾ ದೇಶದ ರಾಯ್ ಹಂಟರ್ ಎಂಬವರು 1940ರಲ್ಲಿ ಕೊಳಾಯಿಗಳ ಗಣನೆಯ ಕ್ರಮವೊಂದನ್ನು ಪ್ರಕಟಿಸಿದರು. ಸದಾ ನೀರಿರುವ ಕಟ್ಟಡಗಳಿಗೆ ಇದು ಯುಕ್ತವಾದುದು. ಗೊತ್ತಾದ ವೇಳೆಯಲ್ಲಿ ಮಾತ್ರ ನೀರು ಬಿಡುವ ಗ್ರಾಮಕ್ಕೆ ಇದೇ ರಿಯಾಯಿತಿಯನ್ನು ಕೊಡಲಾಗದು. ಅಲ್ಲಿ ಪ್ರತಿಯೊಂದು ಮನೆಯ ನಲ್ಲಿಯೂ ಏಕಕಾಲದಲ್ಲಿ ತೆರೆದಿರುತ್ತದೆ.

ಒತ್ತಡವೂ ಉದ್ದವೂ ಒಂದೇ ಆಗಿದ್ದರೆ, ವ್ಯಾಸವು ಇಮ್ಮಡಿಯಾದಾಗ ಹರಿವು ಸುಮಾರು ಆರು ಮಡಿಯಾಗುವುದು. ಅರ್ಧ ಅಂಗುಲದ ಬದಲು ಒಂದು ಅಂಗುಲದ ಕೊಳಾಯಿಯನ್ನು ಹಾಕಿಸಿಕೊಂಡ ಸ್ಥಿತಿವಂತರು ತಮಗರಿವಿಲ್ಲದೆಯೇ ಆರು ಮನೆಗಳ ಪಾಲನ್ನು ಸೆಳೆದುಕೊಳ್ಳಬಹುದು. ಹೆಚ್ಚು ನೀರು ಬೇಕಾದವರು ದೊಡ್ಡ ಕೊಳಾಯಿಯನ್ನು ಬಯಸದೆ, ಮನೆಯಲ್ಲಿ ತೊಟ್ಟಿಯೊಂದನ್ನು ಕಟ್ಟಿಸಿ ಸಣ್ಣ ಕೊಳಾಯಿಯಿಂದಲೇ ನಿಧಾನವಾಗಿ ತುಂಬಿಸಿಕೊಳ್ಳುವುದು ಮೇಲು. ದನಗಳಿಗೆ ಸ್ವಂತ ಬಾವಿಯ ನೀರನ್ನು ಒದಗಿಸಬಲ್ಲವರು ಹಾಗೆ ಮಾಡುವುದು ಇನ್ನೂ ಮೇಲು.

ಗ್ರಾಮದ ಮುಖಂಡರು ಅಂದಾಜುಪಟ್ಟಿಗೆ ಒಪ್ಪಿಗೆ ಕೊಡುವ ಮೊದಲು ಜನರೆಷ್ಟು, ದನಗಳೆಷ್ಟು, ನೀರು ಬಿಡುವ ಗಂಟೆಗಳೆಷ್ಟು, ಊರ ಕೊನೆಯ ಮನೆಯಲ್ಲಿ ಕೊಡ ತುಂಬಲು ಹಿಡಿಯುವ ನಿಮಿಷಗಳೆಷ್ಟು ಎಂದು ಕೇಳತಕ್ಕದ್ದು. ಹೂತುಹೋದ ಸಣ್ಣ ಕೊಳಾಯಿಯನ್ನು ಅಗೆದು ಬದಲಾಯಿಸುವ ವೆಚ್ಚದ ಮುಂದೆ ಈ ಎಣಿಕೆಯ ಶ್ರಮವು ಅತ್ಯಲ್ಪವಾದುದು.